ಅತಿವೇಗದ ವಿದ್ಯುತ್ ಕಾರು: ಅದರ ಬಲ, ಭಾರ ಮತ್ತು ಬೆಲೆ

ಕೋಲಾರ ಜಿಲ್ಲೆಗೂ ವಿದ್ಯುಚ್ಛಕ್ತಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರ್ ದೂರವನ್ನು ತಂತಿಯ ಮೂಲಕ ಕ್ರಮಿಸಿ ೧೯೦೨ರಲ್ಲಿ ಇಲ್ಲಿನ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು ಅದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಅದೇ ವರ್ಷ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತು. ಎಂಟು ಸೀಸ-ಆಮ್ಲ ಬ್ಯಾಟರಿಗಳು, ೪೮ ವೋಲ್ಟ್, ಒಮ್ಮೆ ತುಂಬಿಸಿದರೆ ಸುಮಾರು ೮೦ ಕಿಲೋಮೀಟರ್ ಓಟ: ಅದರ ಶಕ್ತಿ ಇಷ್ಟೆ. ಈಗ ಕಾಲ ಬದಲಾಗಿದೆ. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ದಾರಿಯಲ್ಲಿರುವ ಹೊಸಕೋಟೆಯ ಸಮೀಪದ ಕಾರ್ಖಾನೆಯಲ್ಲಿ ವೋಲ್ವೊ ಸಂಸ್ಥೆಯು ೨೦೨೨ರಲ್ಲಿ ‘ಎಕ್ಸ್‌ಸಿ-೪೦ ರೀಚಾರ್ಜ್’ ಎಂಬ ವಿದ್ಯುತ್ ಕಾರನ್ನು ಜೋಡಿಸಲು ತೊಡಗಿತು. ಅದು ನಿಂತಲ್ಲಿಂದ ಹೊರಟು ಗಂಟೆಗೆ ೧೦೦ ಕಿಲೋಮೀಟರ್ ವೇಗವನ್ನು ೪.೯ ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಜರ್ಮನಿಯ ಪೋರ್ಷೆ ಸಂಸ್ಥೆಯು ೨೦೧೯ರಲ್ಲಿ ಹೊರತಂದ ‘ಟೈಕಾನ್ ಟರ್ಬೊ ಎಸ್’ ಎಂಬುದಕ್ಕೆ ೨.೮ ಸೆಕೆಂಡುಗಳೇ ಸಾಕು.

ಇಂಥ ಕಾರುಗಳ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಆದರೆ ಅವು ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅದರ ಒಡೆಯನು ಅನುಭವಿಸುವುದೇನು, ಆ ಅನುಭವದ ಹಿಂದೆ ಭೌತಶಾಸ್ತ್ರದ ಯಾವ ನಿಯಮಗಳಿವೆ, ಆತನ ಸುಖಕ್ಕೆ ಯಾರು ಯಾರು ಬೆಲೆ ತೆರಬೇಕಾಗಬಹುದು ಎಂಬ ಪ್ರಶ್ನೆಗಳು ಎಲ್ಲರಿಗೂ ಸಂಬಂಧಪಟ್ಟವು. ಪ್ರೌಢಶಾಲೆಯ ಗಣಿತವೇ ಇವುಗಳ ಉತ್ತರಕ್ಕೆ ಸಾಕಾಗುತ್ತದೆ. ಆದುದರಿಂದ ಒಂದೊಂದಾಗಿ ಲೆಕ್ಕ ಹಾಕಿ ನೋಡೋಣ.

ಬಾವಿಗೆ ಬಿದ್ದ ಕಲ್ಲು

ಗಂಟೆಗೆ ೧೦೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೨೭.೮ ಮೀಟರ್. ಇದನ್ನು ೨.೮ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೯.೯ ಮೀಟರ್ ಆಗುತ್ತದೆ. ಈ ಸಂಖ್ಯೆಯನ್ನು ವಿದ್ಯಾರ್ಥಿಗಳು ಕೂಡಲೇ ಗುರುತಿಸುವರು. ಭೂಮಿಯ ಗುರುತ್ವದ ವೇಗೋತ್ಕರ್ಷ ೯.೮, ಎರಡೂ ಹೆಚ್ಚುಕಡಮೆ ಒಂದೇ. ನಮ್ಮ ಜಿಲ್ಲೆಯ ಹಳೆಯ ತೆರೆದ ಬಾವಿಗಳಲ್ಲಿ ೪೦ ಮೀಟರ್ ಆಳದ್ದೊಂದನ್ನು ಕಲ್ಪಿಸಿಕೊಳ್ಳಿ. ಅದರ ಬಾಯಿಯಿಂದ ಕೈಬಿಟ್ಟ ಕಲ್ಲು ತಳವನ್ನು ಮುಟ್ಟುವಾಗ ಯಾವ ವೇಗದಲ್ಲಿರುತ್ತದೆಯೋ ಆ ವೇಗವನ್ನು ಈ ಕಾರು ಅಷ್ಟೇ ಕಾಲದಲ್ಲಿ, ಅಷ್ಟೇ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಪಡೆಯುತ್ತದೆ. ಒಳಗೆ ಕುಳಿತವನನ್ನು ಆಸನದ ಬೆನ್ನು ಆತನ ತೂಕದಷ್ಟೇ ಬಲದಿಂದ ಮುಂದಕ್ಕೆ ನೂಕುತ್ತದೆ. ಆತನಿಗಾದರೋ ತಾನು ಹಿಂದಕ್ಕೆ ಒತ್ತಲ್ಪಟ್ಟಂತೆ ತೋರುತ್ತದೆ. ಹೊಸಕೋಟೆಯಲ್ಲಿ ಜೋಡಿಸಿದ ಕಾರಿನಲ್ಲಿ ಈ ಬಲ ತೂಕದ ಐದರಲ್ಲಿ ಮೂರು ಭಾಗ. ಸಾಧಾರಣ ಪೆಟ್ರೋಲ್ ಕಾರಿನಲ್ಲಿ ಐದರಲ್ಲಿ ಒಂದು ಭಾಗ ಮಾತ್ರ.

ಈ ಚಮತ್ಕಾರದ ಮೂಲ ಮೋಟಾರಿನ ಸ್ವಭಾವದಲ್ಲಿದೆ. ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಬಲ ಕೊಡಲಾರದು. ಅದು ಮೊದಲು ತಿರುಗುತ್ತಿರಬೇಕು; ನಿಮಿಷಕ್ಕೆ ಕೆಲವು ಸಾವಿರ ಸುತ್ತು ಬಂದ ಮೇಲೆಯೇ ಅದರ ಪೂರ್ಣ ಬಲ ಲಭಿಸುವುದು. ಕ್ಲಚ್ಚು, ಗೇರುಗಳ ಸರಣಿ ಇವೆಲ್ಲ ಈ ಕೊರತೆಯನ್ನು ಮುಚ್ಚುವ ಉಪಾಯಗಳು. ವಿದ್ಯುತ್ ಮೋಟಾರಿನ ರೀತಿ ಬೇರೆ. ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲಣ ಬಲವು ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆಯೇ ಹೊರತು ತಂತಿಯ ವೇಗವನ್ನಲ್ಲ. ಮೋಟಾರು ತಿರುಗಿದಾಗ ಅದೇ ಒಂದು ಜನರೇಟರಿನಂತೆ ವರ್ತಿಸಿ ಎದುರು ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ಓದಿರುತ್ತಾರೆ. ನಿಂತ ಮೋಟಾರಿನಲ್ಲಿ ಈ ವಿರೋಧ ಶೂನ್ಯ. ಆದಕಾರಣ ತಂತಿಗಳು ತಾಳಬಲ್ಲ ಗರಿಷ್ಠ ಪ್ರವಾಹವನ್ನು ಮೊದಲ ಕ್ಷಣದಲ್ಲಿಯೇ ಹರಿಸಬಹುದು. ಗರಿಷ್ಠ ತಿರುಚುಬಲವೂ ಮೊದಲ ಕ್ಷಣದಲ್ಲಿಯೇ ದೊರೆಯುತ್ತದೆ. ವೇಗ ಬೆಳೆದಂತೆ ವಿರೋಧ ಬೆಳೆದು ತಿರುಚುಬಲ ಇಳಿಯುತ್ತದೆ. ಪ್ರವಾಹವನ್ನು ಅಳತೆಗೆ ತಕ್ಕಂತೆ ಕತ್ತರಿಸಿ ಕೊಡುವ ಅರೆವಾಹಕ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವುದರಿಂದ ಚಾಲಕನ ಕಾಲಿನ ಅಪ್ಪಣೆಗೂ ಚಕ್ರದ ಚಲನೆಗೂ ನಡುವೆ ತಡವೆಂಬುದೇ ಕಾಣದು.

ಈ ಗುಣ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಗಂಟೆಗೆ ೧೦೦ ಕಿಲೋಮೀಟರ್ ಮೀರಿದ ಮೊಟ್ಟಮೊದಲ ಮೋಟಾರುಗಾಡಿ ವಿದ್ಯುತ್ತಿನದೇ. ೧೮೯೯ನೆಯ ಏಪ್ರಿಲ್ ೨೯ರಂದು ಬೆಲ್ಜಿಯಮ್ ದೇಶದ ಕಾಮಿಲ್ ಜೆನಾಟ್ಸಿ ಎಂಬಾತ ಪ್ಯಾರಿಸ್ಸಿನ ಬಳಿ ಅದನ್ನು ೧೦೫.೮೮ ಕಿಲೋಮೀಟರ್ ವೇಗದಲ್ಲಿ ಓಡಿಸಿದನು. ಆ ಗಾಡಿಗೆ ಆತ ಇಟ್ಟಿದ್ದ ಫ್ರೆಂಚ್ ಹೆಸರಿನ ಅರ್ಥ ‘ಎಂದೂ ತೃಪ್ತಿಗೊಳ್ಳದವಳು’ ಎಂದು. ವೇಗದ ವ್ಯಾಮೋಹಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

ಭಾರದ ಕಾರಣ

ಜೆನಾಟ್ಸಿಯ ಗಾಡಿಯನ್ನು ಪೆಟ್ರೋಲು ಸೋಲಿಸಿದ್ದು ಬಲದಲ್ಲಲ್ಲ, ಸಂಗ್ರಹದಲ್ಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ೯ ಯೂನಿಟ್ ಶಕ್ತಿ ಅಡಗಿದೆ. (ಯೂನಿಟ್ ಎಂದರೆ ನಮ್ಮ ಮನೆಯ ಮೀಟರು ಎಣಿಸುವ ಕಿಲೋವಾಟ್-ಗಂಟೆಯೇ.) ೨೦೧೯ರ ಟೈಕಾನ್ ಕಾರಿನ ದೊಡ್ಡ ಬ್ಯಾಟರಿಯ ಒಟ್ಟು ಸಾಮರ್ಥ್ಯ ೯೩.೪ ಯೂನಿಟ್, ತೂಕ ಸುಮಾರು ೬೩೦ ಕಿಲೋಗ್ರಾಮ್. ಇಷ್ಟು ಶಕ್ತಿ ಹತ್ತು ಹನ್ನೊಂದು ಲೀಟರ್ ಪೆಟ್ರೋಲಿನಲ್ಲಿದೆ, ಎಂದರೆ ಒಂದು ಸ್ಕೂಟರಿನ ಎರಡು ಟ್ಯಾಂಕುಗಳಲ್ಲಿ ಹಿಡಿಸುತ್ತದೆ. ಪೆಟ್ರೋಲ್ ಎಂಜಿನ್ ಈ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಚೆಲ್ಲುತ್ತದೆ. ಮೋಟಾರು ಹತ್ತರಲ್ಲಿ ಎಂಟು ಒಂಬತ್ತು ಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ವಿದ್ಯುತ್ ಕಾರು ಸಾಧ್ಯವಾದದ್ದು ಈ ದಕ್ಷತೆಯಿಂದ ಮತ್ತು ಲಿಥಿಯಮ್-ಅಯಾನು ಬ್ಯಾಟರಿಯಿಂದ. ಈ ಬ್ಯಾಟರಿಗೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರು ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೂ ಭಾರ ಉಳಿದೇ ಇದೆ. ಇಂಥ ಕಾರು ಚಾಲಕನೊಂದಿಗೆ ಸುಮಾರು ೨,೪೦೦ ಕಿಲೋಗ್ರಾಮ್ ತೂಗುತ್ತದೆ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮತ್ತೆ ಮತ್ತೆ ಎದುರಾಗುತ್ತದೆ.

ಗಣಿಯ ತಂತಿಯೂ ಕಾರಿನ ತಂತಿಯೂ

ಟೈಕಾನ್ ಕಾರಿನಲ್ಲಿ ೮೦೦ ವೋಲ್ಟುಗಳ ವ್ಯವಸ್ಥೆಯಿದೆ. ರೇವಾ ಕಾರಿಗೆ ೪೮ ಸಾಕಾಗಿತ್ತು. ಇಷ್ಟು ಹೆಚ್ಚಳವೇಕೆ? ಉತ್ತರವನ್ನು ನಮ್ಮ ಗಣಿಗಳ ಚರಿತ್ರೆಯೇ ಹೇಳುತ್ತದೆ.

ತಂತಿಯಲ್ಲಿ ವ್ಯರ್ಥವಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಗಿಸಬೇಕಾದ ಸಾಮರ್ಥ್ಯವಾದರೋ ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧ. ವೋಲ್ಟುಗಳನ್ನು ಇಮ್ಮಡಿಗೊಳಿಸಿದರೆ ಅದೇ ಸಾಮರ್ಥ್ಯಕ್ಕೆ ಅರ್ಧದಷ್ಟು ಪ್ರವಾಹ ಸಾಕು. ಶಾಖ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲು ಹೊರಟ ಎಂಜಿನಿಯರುಗಳು ಕಡಮೆ ವೋಲ್ಟಿನಲ್ಲಿ ಕಳುಹಿಸಿದ್ದರೆ ಕಾವೇರಿಯ ಶಕ್ತಿಯೆಲ್ಲ ದಾರಿಯ ತಂತಿಯನ್ನು ಬಿಸಿಮಾಡುವುದರಲ್ಲಿಯೇ ತೀರಿಹೋಗುತ್ತಿತ್ತು. ಅವರು ವೋಲ್ಟುಗಳನ್ನು ಸಾವಿರಾರಕ್ಕೆ ಏರಿಸಿ ಪ್ರವಾಹವನ್ನು ಇಳಿಸಿದರು. ಆಗ ಅದು ಜಗತ್ತಿನ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲೊಂದಾಗಿತ್ತು.

ಕಾರಿನ ಲೆಕ್ಕವೂ ಇದೇ. ೨೦೧೯ರ ಟೈಕಾನ್ ೨೭೦ ಕಿಲೋವಾಟ್ ವರೆಗೆ ಚಾರ್ಜ್ ಸ್ವೀಕರಿಸಬಲ್ಲದು. ೮೦೦ ವೋಲ್ಟಿನಲ್ಲಿ ಇದಕ್ಕೆ ೩೩೮ ಆಂಪಿಯರ್ ಬೇಕು. ೪೦೦ ವೋಲ್ಟಿನಲ್ಲಿ ೬೭೫. ರೇವಾದ ೪೮ ವೋಲ್ಟಿನಲ್ಲಾದರೆ ಐದೂವರೆ ಸಾವಿರಕ್ಕೂ ಮಿಕ್ಕು. ಅಷ್ಟನ್ನು ಹೊರುವ ತಾಮ್ರದ ತಂತಿಯನ್ನು ಒಬ್ಬ ಮನುಷ್ಯ ಎತ್ತಲಾರನು. ನೂರಾರು ಮೈಲಿಗಳ ತಂತಿಗೂ ಕೆಲವು ಅಡಿಗಳ ತಂತಿಗೂ ನಿಸರ್ಗದ ನಿಯಮ ಒಂದೇ.

ಚಾರ್ಜು ತುಂಬುವ ಕಾಲ

ಪ್ರಕಟಣೆಗಳಲ್ಲಿ ಕಾಣುವ ಸಂಖ್ಯೆ ಆಕರ್ಷಕವಾಗಿದೆ: ಬ್ಯಾಟರಿಯನ್ನು ನೂರಕ್ಕೆ ೫ರಿಂದ ೮೦ರವರೆಗೆ ತುಂಬಲು ೨೨.೫ ನಿಮಿಷ. ಇದು ೨೭೦ ಕಿಲೋವಾಟಿನ ಯಂತ್ರವಿದ್ದಲ್ಲಿ ಮಾತ್ರ ಸತ್ಯ. ಮನೆಯ ೧೫ ಆಂಪಿಯರ್ ಪ್ಲಗ್ಗಿನಿಂದ ಸುಮಾರು ೩ ಕಿಲೋವಾಟ್ ದೊರೆತೀತು. ೮೦ ಯೂನಿಟ್ ತುಂಬಲು ೨೭ ಗಂಟೆಗಳು ಬೇಕು. ಮೂರು ಫೇಸ್ ಸಂಪರ್ಕ ಪಡೆದು ೧೧ ಕಿಲೋವಾಟಿನ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದರೆ ಒಂದು ರಾತ್ರಿ ಸಾಕು. ಆದ್ದರಿಂದ ಒಡೆಯನ ನಿಜವಾದ ಅನುಭವ ವೇಗದ್ದಲ್ಲ, ರಾತ್ರಿಯೆಲ್ಲ ನಡೆಯುವ ಈ ನಿಧಾನವಾದ ತುಂಬುವಿಕೆಯದು.

೨೭೦ ಕಿಲೋವಾಟ್ ಎಂದರೆ ಎಷ್ಟು? ಶ್ರೀನಿವಾಸಪುರದ ಮಾವಿನ ತೋಟಕ್ಕೋ ಮುಳಬಾಗಿಲಿನ ಟೊಮೇಟೊ ಹೊಲಕ್ಕೋ ಕೊಳವೆಬಾವಿಯಿಂದ ನೀರೆತ್ತುವ ೧೦ ಅಶ್ವಸಾಮರ್ಥ್ಯದ ಪಂಪು ಸುಮಾರು ೭.೫ ಕಿಲೋವಾಟಿನದು. ಒಂದು ಕಾರು ಚಾರ್ಜು ಹೀರುವ ಆ ಹೊತ್ತಿನಲ್ಲಿ ಇಂಥ ೩೬ ಪಂಪುಗಳು ಒಟ್ಟಿಗೆ ಓಡಿದಷ್ಟು ಹೊರೆ ಬೀಳುತ್ತದೆ. ೧೦೦ ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಒಂದಲ್ಲ, ಎರಡಿದ್ದರೂ ಅದನ್ನು ಹೊರಲಾರವು. ಅತಿವೇಗದ ಚಾರ್ಜು ಕೇಂದ್ರಗಳಿಗೆ ಪ್ರತ್ಯೇಕ ಹೈಟೆನ್ಷನ್ ಸಂಪರ್ಕ ಬೇಕಾಗುವುದು ಈ ಕಾರಣದಿಂದ.

ನೂರಕ್ಕೆ ೮೦ ಆದ ಮೇಲೆ ಚಾರ್ಜು ನಿಧಾನವಾಗುವುದೇಕೆಂದು ಹಲವರು ಕೇಳುತ್ತಾರೆ. ಚಾರ್ಜು ಮಾಡುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ನುಗ್ಗಿ ನೆಲೆಸಬೇಕು. ಸಂತೆಯ ದಿನದ ಬಸ್ಸನ್ನು ನೆನೆದುಕೊಳ್ಳಿ. ಮೊದಲು ಬಂದವರು ಬೇಗ ಬೇಗನೆ ಕೂರುತ್ತಾರೆ. ಬಸ್ಸು ತುಂಬುತ್ತ ಬಂದಂತೆ ಒಳಗೆ ಜಾಗ ಹುಡುಕಿ ನುಸುಳುವುದು ತಡವಾಗುತ್ತದೆ. ಆಗಲೂ ಬಾಗಿಲಲ್ಲಿ ನೂಕಿದರೆ ಜನ ಮೆಟ್ಟಿಲ ಮೇಲೆಯೇ ನಿಲ್ಲುತ್ತಾರೆ. ಅದರಂತೆಯೇ ಬಲವಂತವಾಗಿ ತುಂಬಿದರೆ ಲಿಥಿಯಮ್ ಒಳಹೋಗದೆ ಗ್ರಾಫೈಟಿನ ಮೇಲ್ಮೈಯಲ್ಲಿ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಇದರಿಂದ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಕೆಲವೊಮ್ಮೆ ಅಪಾಯವೂ ಉಂಟಾಗಬಹುದು. ದಿನನಿತ್ಯದ ಬಳಕೆಗೆ ೮೦ಕ್ಕೆ ನಿಲ್ಲಿಸುವುದು ಜಾಣತನ. ಬೇಸಗೆಯ ಬಿಸಿಲೂ ಬ್ಯಾಟರಿಗೆ ಹಿತವಲ್ಲ. ತುಂಬಿದ ಕಾರನ್ನು ಬಹುಕಾಲ ಬಿಸಿಲಿನಲ್ಲಿ ನಿಲ್ಲಿಸಬಾರದು.

ವೇಗದ ತೆರಿಗೆ

ಮಾಲೂರಿನಿಂದ ಕೋಲಾರ, ಅಲ್ಲಿಂದ ಮುಳಬಾಗಿಲು, ಶ್ರೀನಿವಾಸಪುರ, ಮತ್ತೆ ಕೋಲಾರದ ಮೂಲಕ ಮಾಲೂರು: ಈ ಸುತ್ತು ಸುಮಾರು ೧೫೦ ಕಿಲೋಮೀಟರ್. ಇದಕ್ಕೆ ಎಷ್ಟು ಶಕ್ತಿ ಬೇಕು? ಕಾರನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಟೈರುಗಳ ಉರುಳು ಘರ್ಷಣೆ ತೂಕದ ನೂರರಲ್ಲಿ ೧.೨ ಭಾಗವೆಂದು ಹಿಡಿದರೆ ೨೮೨ ನ್ಯೂಟನ್. ಇದು ವೇಗದೊಡನೆ ಹೆಚ್ಚು ಬದಲಾಗದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಮ್ಮ ಎತ್ತರದ ಬಯಲಿನ ತೆಳುವಾದ ಗಾಳಿಯಲ್ಲಿ, ನುಣುಪಾದ ಮೈಯ ಕಾರಿಗೆ, ಅದು ಗಂಟೆಗೆ ೮೦ ಕಿಲೋಮೀಟರಿನಲ್ಲಿ ಸುಮಾರು ೧೪೪ ನ್ಯೂಟನ್, ೧೨೦ರಲ್ಲಿ ೩೨೪, ೧೬೦ರಲ್ಲಿ ೫೭೬. ಮೋಟಾರಿನ ನಷ್ಟವನ್ನೂ ತಂಪುಯಂತ್ರದ ಖರ್ಚನ್ನೂ ಕೂಡಿಸಿ ನಾವು ಹಾಕಿದ ಅಂದಾಜಿನಂತೆ ನೂರು ಕಿಲೋಮೀಟರಿಗೆ ಕ್ರಮವಾಗಿ ೧೬, ೨೧ ಮತ್ತು ೨೯ ಯೂನಿಟ್ ಬೇಕು. ೮೦ ಯೂನಿಟ್ಟಿನಲ್ಲಿ ಕ್ರಮಿಸಬಹುದಾದ ದೂರ ೫೦೦, ೩೮೦, ೨೭೫ ಕಿಲೋಮೀಟರ್. ಹೀಗೆ ಯಾವ ವೇಗದಲ್ಲಿ ಹೋದರೂ ನಮ್ಮ ನಾಲ್ಕು ಊರುಗಳ ಸುತ್ತಿಗೆ ತೊಂದರೆಯಿಲ್ಲ. ಆದರೆ ‘ಒಮ್ಮೆ ತುಂಬಿದರೆ ಎಷ್ಟು ದೂರ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಲಗಾಲಿನ ಹೆಬ್ಬೆರಳು ಅದನ್ನು ನಿರ್ಧರಿಸುತ್ತದೆ.

ಮುಳಬಾಗಿಲಿನಿಂದ ನಂಗಲಿ, ಪಲಮನೇರುಗಳನ್ನು ದಾಟಿ ಮೊಗಿಲಿ ಘಟ್ಟವನ್ನಿಳಿದು ಚಿತ್ತೂರಿಗೆ ಹೋಗುವವನು ಒಟ್ಟು ಸುಮಾರು ೫೦೦ ಮೀಟರ್ ಕೆಳಗಿಳಿಯುತ್ತಾನೆ. ೨,೪೦೦ ಕಿಲೋಗ್ರಾಮಿನ ಕಾರು ಇದರಿಂದ ಕಳೆದುಕೊಳ್ಳುವ ಸ್ಥಾನಶಕ್ತಿ ೩.೩ ಯೂನಿಟ್. ಪೆಟ್ರೋಲ್ ಕಾರಿನಲ್ಲಿ ಇಳಿಜಾರಿನ ಹೆಚ್ಚುವರಿ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರು ಜನರೇಟರಾಗಿ ಅದರ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಒಂದು ಭಾಗ ಎಂದೆವು, ಏಕೆಂದರೆ ಗಾಳಿ ಮತ್ತು ಟೈರುಗಳು ತಮ್ಮ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತವೆ. ನೂರು ಮೀಟರಿಗೆ ಎರಡು ಮೀಟರಿಗಿಂತ ಕಡಿದಾದ ಇಳಿಜಾರಿನಲ್ಲಿ ಮಾತ್ರ ಈ ಲಾಭ ಕಾಣುತ್ತದೆ. ಮೇಲೆ ಹತ್ತುವಾಗ ತೆತ್ತದ್ದು ಕೆಳಗಿಳಿಯುವಾಗ ಪೂರ್ತಿಯಾಗಿ ಬರಲಾರದು. ಶಕ್ತಿನಿತ್ಯತ್ವದ ನಿಯಮಕ್ಕೆ ರಿಯಾಯಿತಿ ಇಲ್ಲ.

ಹೊರಗಿರುವವನ ಲೆಕ್ಕ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಸುಮಾರು ೭೧ ಕಿಲೋಮೀಟರ್ ಉದ್ದವಿದ್ದು ಹೊಸಕೋಟೆಯಿಂದ ಹೊರಟು ಮಾಲೂರಿನ ಹಾಗೂ ಚಿನ್ನದ ಗಣಿಗಳ ಸೀಮೆಯನ್ನು ಹಾಯುತ್ತದೆ. ಅದು ೨೦೨೪ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಗಂಟೆಗೆ ೧೨೦ ಕಿಲೋಮೀಟರ್ ವೇಗಕ್ಕೆಂದು ಅದನ್ನು ರೂಪಿಸಲಾಗಿದೆ. ಆ ವೇಗದಲ್ಲಿ ಈ ಭಾಗವನ್ನು ದಾಟಲು ೩೫ ನಿಮಿಷ ಸಾಕು. ೧೬೦ರಲ್ಲಿ ಹೋದವನು ಉಳಿಸುವುದು ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷಗಳಿಗಾಗಿ ಆತ ಒಡ್ಡುವ ಪಣವೇನು?

ಅಪಾಯವನ್ನು ಕಂಡು ಬ್ರೇಕು ತುಳಿಯುವುದರೊಳಗೆ ಮನುಷ್ಯನಿಗೆ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. ೧೨೦ರ ವೇಗದಲ್ಲಿ ಅಷ್ಟರಲ್ಲಿಯೇ ಕಾರು ೫೦ ಮೀಟರ್ ಸಾಗಿರುತ್ತದೆ, ಒಳ್ಳೆಯ ಬ್ರೇಕಿನಿಂದ ನಿಲ್ಲಲು ಇನ್ನೂ ಸುಮಾರು ೭೦ ಮೀಟರ್, ಒಟ್ಟು ೧೨೦. ಗಂಟೆಗೆ ೧೬೦ ಕಿಲೋಮೀಟರಿನಲ್ಲಿ ಈ ಮೊತ್ತ ೧೯೦ ಮೀಟರ್. ವೇಗ ಹೆಚ್ಚಿದ್ದು ಮೂರನೆಯ ಒಂದು ಭಾಗ. ನಿಲ್ಲುವ ದೂರ ಹೆಚ್ಚಿದ್ದು ಒಂದೂವರೆ ಪಟ್ಟಿಗೂ ಮೇಲೆ. ಮೋಟಾರು ಎಷ್ಟೇ ಬಲಶಾಲಿಯಾದರೂ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆಯೊಂದೇ. ಹೊರಡುವುದರಲ್ಲಿ ಈ ಕಾರು ಇತರ ಕಾರುಗಳನ್ನು ಬಹಳ ಹಿಂದಿಕ್ಕಿದೆ. ನಿಲ್ಲುವುದರಲ್ಲಿ ಅದು ಅವುಗಳ ಸಮಾನವೇ. ಒಡೆಯನು ಮರೆಯಬಾರದ ಅಸಮತೋಲ ಇದು.

ಈಗ ಭಾರದ ಮಾತಿಗೆ ಬರೋಣ. ಹಳ್ಳಿಯ ಕೂಡುರಸ್ತೆಯಿಂದ ಒಂದು ಸ್ಕೂಟರು ಹೆದ್ದಾರಿಗೆ ತಿರುಗಿತೆನ್ನೋಣ. ಸವಾರನೂ ಸೇರಿ ಅದರ ತೂಕ ೨೦೦ ಕಿಲೋಗ್ರಾಮ್. ಗಂಟೆಗೆ ೮೦ ಕಿಲೋಮೀಟರ್ ವೇಗದ ಕಾರು ಅದಕ್ಕೆ ಬಡಿದು ಎರಡೂ ಒಟ್ಟಾಗಿ ಮುಂದೆ ಸಾಗಿದವೆಂದರೆ ಸಂವೇಗ ನಿತ್ಯತ್ವದ ನಿಯಮದಂತೆ ಕಾರಿನ ವೇಗ ೬ ಕಿಲೋಮೀಟರಿನಷ್ಟು ಮಾತ್ರ ತಗ್ಗುತ್ತದೆ. ಸ್ಕೂಟರಿನ ಸವಾರನ ವೇಗವಾದರೋ ಕ್ಷಣಾರ್ಧದಲ್ಲಿ ಶೂನ್ಯದಿಂದ ೭೪ಕ್ಕೆ ಏರುತ್ತದೆ. ಕಾರಿನೊಳಗಿನವನಿಗೆ ಒಂದು ಕುಲುಕು. ಹೊರಗಿನವನಿಗೆ ಪ್ರಾಣಾಂತಕ ಹೊಡೆತ. ಕ್ರಿಯೆ ಪ್ರತಿಕ್ರಿಯೆಗಳು ಸಮವೆಂದು ನ್ಯೂಟನ್ ಹೇಳಿದ್ದು ಬಲಗಳನ್ನು ಕುರಿತು. ಅವುಗಳ ಫಲವೂ ಸಮವೆಂದು ಆತ ಹೇಳಲಿಲ್ಲ. ಇದಲ್ಲದೆ ವಿದ್ಯುತ್ ಕಾರು ನಿಧಾನವಾಗಿ ಬರುವಾಗ ಸದ್ದಿಲ್ಲ. ಬೆನ್ನ ಹಿಂದಿನ ಎಂಜಿನ್ನಿನ ಸದ್ದನ್ನು ಕೇಳಿ ಪಕ್ಕಕ್ಕೆ ಸರಿಯುವ ಅಭ್ಯಾಸದ ನಮ್ಮ ಊರುಗಳ ಪಾದಚಾರಿಗೆ, ಅದರಲ್ಲಿಯೂ ಕಣ್ಣು ಕಾಣದವರಿಗೆ, ಈ ಮೌನವೇ ಒಂದು ಗಂಡಾಂತರ.

ಹೊಗೆಯ ಲೆಕ್ಕ

ಕಾರಿನ ಹಿಂಬದಿಯಲ್ಲಿ ಹೊಗೆ ಇಲ್ಲವೆಂಬುದು ನಿಜ. ಆದರೆ ನಮ್ಮ ದೇಶದ ವಿದ್ಯುತ್ತಿನ ಬಹುಭಾಗ ಈಗಲೂ ಕಲ್ಲಿದ್ದಲಿನಿಂದ ಬರುತ್ತಿದೆ. ಸರಾಸರಿ ಒಂದು ಯೂನಿಟ್ಟಿಗೆ ಸುಮಾರು ೦.೭ ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಚಾರ್ಜಿನ ನಷ್ಟವೂ ಸೇರಿ ನೂರು ಕಿಲೋಮೀಟರಿಗೆ ೨೩ ಯೂನಿಟ್ ಎಂದರೆ ೧೬ ಕಿಲೋಗ್ರಾಮ್. ಲೀಟರಿಗೆ ೮ ಕಿಲೋಮೀಟರ್ ಓಡುವ ಬಲಶಾಲಿ ಪೆಟ್ರೋಲ್ ಕಾರು ಅದೇ ದೂರಕ್ಕೆ ೨೯ ಕಿಲೋಗ್ರಾಮ್ ಉಗುಳುತ್ತದೆ. ಬ್ಯಾಟರಿಯ ತಯಾರಿಕೆಯಲ್ಲಿ ಹೊರಬಿದ್ದದ್ದನ್ನು ತೀರಿಸಲು ಮೊದಲ ಹತ್ತಾರು ಸಾವಿರ ಕಿಲೋಮೀಟರುಗಳ ಓಟ ಬೇಕಾದರೂ ಕೊನೆಗೆ ಲಾಭವಿದೆ. ಆದರೆ ಹಗುರವಾದ ಸಣ್ಣ ವಿದ್ಯುತ್ ಕಾರಿಗೆ ೧೩ ಯೂನಿಟ್ ಸಾಕು. ಅದರ ಲೆಕ್ಕ ೯ ಕಿಲೋಗ್ರಾಮ್. ಮಾರಿಕುಪ್ಪಂನಿಂದ ಬಂಗಾರಪೇಟೆ, ಮಾಲೂರುಗಳ ಮಾರ್ಗವಾಗಿ ನಿತ್ಯವೂ ಸಾವಿರಾರು ಜನರನ್ನು ಬೆಂಗಳೂರಿಗೆ ಒಯ್ಯುವ ವಿದ್ಯುತ್ ರೈಲು ತಲೆಯೊಂದಕ್ಕೆ ಇದರ ಅಲ್ಪಾಂಶವನ್ನೂ ಬಳಸದು. ಅದರ ಮೋಟಾರೂ ನಿಂತಲ್ಲಿಂದಲೇ ಪೂರ್ಣ ಬಲ ಕೊಡುವಂಥದು. ವ್ಯತ್ಯಾಸವೆಂದರೆ ಅದು ತನ್ನ ಶಕ್ತಿಯನ್ನು ಬೆನ್ನ ಮೇಲೆ ಹೊತ್ತು ತಿರುಗಬೇಕಾಗಿಲ್ಲ. ತಲೆಯ ಮೇಲಣ ತಂತಿಯಿಂದ ಪಡೆಯುತ್ತದೆ.

ಹೀಗೆ ನೋಡಿದರೆ ಅತಿವೇಗದ ವಿದ್ಯುತ್ ಕಾರು ಮಾನವನ ಬುದ್ಧಿಶಕ್ತಿಯ ಒಂದು ಉತ್ತಮ ಸಾಧನೆ. ಅದರಿಂದ ಕಲಿತ ಹೆಚ್ಚು ವೋಲ್ಟಿನ ವ್ಯವಸ್ಥೆ, ದಕ್ಷವಾದ ಮೋಟಾರು, ಶಕ್ತಿಯನ್ನು ಮರಳಿ ಪಡೆಯುವ ಬ್ರೇಕು ಇವು ನಾಳೆ ಬಸ್ಸಿಗೂ ಆಟೋರಿಕ್ಷಾಗಳಿಗೂ ಇಳಿದು ಬರುತ್ತವೆ, ಈಗಾಗಲೇ ಬರುತ್ತಿವೆ. ಆದರೆ ೨.೮ ಸೆಕೆಂಡುಗಳ ಆ ನೆಗೆತ ಯಾವ ಪ್ರಯಾಣಿಕನ ಯಾವ ಅವಶ್ಯಕತೆಯನ್ನೂ ತೀರಿಸುವುದಿಲ್ಲ. ೧೯೦೨ರಲ್ಲಿ ಕಾವೇರಿಯ ವಿದ್ಯುತ್ತು ಕೋಲಾರಕ್ಕೆ ಬಂದದ್ದು ಭೂಮಿಯ ಆಳದಲ್ಲಿ ದುಡಿಯುವವರ ಕೆಲಸಕ್ಕಾಗಿ. ಇಂದಿನ ವಿದ್ಯುತ್ತೂ ಯಾವ ಕೆಲಸಕ್ಕೆ, ಎಷ್ಟು ಭಾರವನ್ನು ಹೊತ್ತು, ಎಷ್ಟು ವೇಗದಲ್ಲಿ ಎಂಬುದನ್ನು ಮೋಟಾರು ನಿರ್ಧರಿಸಲಾರದು. ಆ ನಿರ್ಧಾರ ಚಾಲಕನ ಕಾಲಿಗೂ ಸಮಾಜದ ವಿವೇಕಕ್ಕೂ ಬಿಟ್ಟದ್ದು.